ಮೀನು ಹೋಯಿತೆಂದು ಅತ್ತನೋ, ಆಳು ಹೋದರೆಂದು ಅತ್ತನೋ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಹಾಡಿನ ಸುತ್ತ ಇವೆ. ‘ಗ್ರೀನ್‌ಲ್ಯಾಂಡ್ ವೇಲ್ ಫಿಶರೀಸ್’ ಅನ್ನೋ ಹಳೇ ಇಂಗ್ಲಿಷ್ ಜನಪದ ಹಾಡು. ಕೇಳದೇ ಇರುವವರಿಗಾಗಿ ಕತೆ ಇಷ್ಟು: ತಿಮಿಂಗಿಲ ಬೇಟೆಯ ಹಡಗೊಂದು ಲಂಗರು ಎತ್ತಿ ಗ್ರೀನ್‌ಲ್ಯಾಂಡ್ ಕಡೆ ಹೊರಡುತ್ತದೆ. ಹಾಯಿಕಂಬದ ಮೇಲೆ ದುರ್ಬೀನು ಹಿಡಿದು ನಿಂತವನು ‘ಅಗೋ ತಿಮಿಂಗಿಲ’ ಅಂತ ಕೂಗುತ್ತಾನೆ. ದೋಣಿ ಇಳಿಸುತ್ತಾರೆ, ಹಗ್ಗ ಕಟ್ಟಿದ ಈಟಿ ಎಸೆಯುತ್ತಾರೆ. ಅದು ಬಾಲ ಬೀಸುತ್ತದೆ, ದೋಣಿ ಮಗುಚುತ್ತದೆ, ನಾಲ್ಕು ಜನ ಮುಳುಗಿ ಸಾಯುತ್ತಾರೆ. ತಿಮಿಂಗಿಲವೂ ಕೈತಪ್ಪುತ್ತದೆ. ಕ್ಯಾಪ್ಟನ್ ಸಂಕಟ ತೋಡಿಕೊಳ್ಳುತ್ತಾನೆ, ಹಡಗು ಊರಿಗೆ ತಿರುಗುತ್ತದೆ.

ಪ್ರಶ್ನೆ: ಒಂದು ರೆಕಾರ್ಡಿಂಗ್‌ನಲ್ಲಿ ಕ್ಯಾಪ್ಟನ್ ‘ತಿಮಿಂಗಿಲ ಹೋದದ್ದು ಬೇಸರ, ಆದರೆ ಆಳುಗಳು ಹೋದದ್ದು ಅದರ ಹತ್ತು ಪಟ್ಟು ಬೇಸರ’ ಅನ್ನುತ್ತಾನೆ. ಇನ್ನೊಂದರಲ್ಲಿ ಪೂರ್ತಿ ಉಲ್ಟಾ. ನಾವು ಮೂವರು ಗೆಳೆಯರು ಇದರ ಮೇಲೆ ವಾರಗಟ್ಟಲೆ ಜಗಳ ಆಡಿದ್ದೇವೆ. ಯಾವುದು ಸರಿ ಸರ್?
— ಓದುಗರು, ಮೈಸೂರು

ಉತ್ತರ: ಜಗಳ ಆಡಿದ್ದು ಒಳ್ಳೆಯದೇ ಆಯಿತು. ಈ ಹಾಡನ್ನು ಪ್ರೀತಿಸುವವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೆ ಬಂದೇ ಬರುತ್ತಾರೆ.

ಮೊದಲು ಸಾಲಿನ ಕಟ್ಟೋಣ ನೋಡಿ. ಇಂಗ್ಲಿಷಿನಲ್ಲಿ ಪ್ರಾಸ ಕೂಡುವುದು ‘ಸೋರ್’ ಮತ್ತು ‘ಮೋರ್’ ಅನ್ನೋ ಎರಡು ಮಾತಿನ ಮೇಲೆ. ಎದೆ ನೊಂದಿತು ಅನ್ನುವುದು ಒಂದು, ಇನ್ನೂ ಜಾಸ್ತಿ ನೊಂದಿತು ಅನ್ನುವುದು ಇನ್ನೊಂದು. ತಿಮಿಂಗಿಲ, ಆಳು ಎರಡೂ ಸಾಲಿನ ಮೊದಲ ಅರ್ಧದಲ್ಲಿವೆ. ಹಾಗಾಗಿ ಅವನ್ನು ಅದಲು ಬದಲು ಮಾಡಿದರೆ ಪ್ರಾಸವೂ ಕೆಡುವುದಿಲ್ಲ, ಧಾಟಿಯೂ ಕೆಡುವುದಿಲ್ಲ. ಹಾಡುವವನಿಗೆ ಒಂದು ಕ್ಷಣದ ಕೆಲಸ. ಕೇಳುವವನಿಗೆ ಮಾತ್ರ ಕ್ಯಾಪ್ಟನ್ ಬೇರೆ ಮನುಷ್ಯನೇ ಆಗಿಬಿಡುತ್ತಾನೆ. ಕಟ್ಟೋಣವೇ ಬಾಗಿಲು ತೆರೆದಿಟ್ಟಿರುವಾಗ ಎರಡೂ ಕಡೆಯಿಂದ ಜನ ನುಗ್ಗದೆ ಇರುತ್ತಾರೆಯೇ?

ನಾಲ್ಕು ಜನ ಸತ್ತರೂ ಮೀನಿಗೆ ಅಳುವ ಕ್ಯಾಪ್ಟನ್ ನಮಗೆ ರಾಕ್ಷಸನ ಹಾಗೆ ಕಾಣುತ್ತಾನೆ, ಅಲ್ವಾ? ಸ್ವಲ್ಪ ತಾಳಿ. ಬ್ರಿಟನ್ನಿನ ಬೇಟೆ ಹಡಗುಗಳಲ್ಲಿ ತಿಂಗಳ ಸಂಬಳ ಕಡಿಮೆ. ಅದರ ಮೇಲೆ ‘ಎಣ್ಣೆ ದುಡ್ಡು’ ಅಂತ ಸಿಗುತ್ತಿತ್ತು. ಹಡಗು ಎಷ್ಟು ಟನ್ ತಿಮಿಂಗಿಲದ ಎಣ್ಣೆ ತಂದಿತೋ ಆ ಲೆಕ್ಕದಲ್ಲಿ. ಈಟಿ ಎಸೆಯುವವನಿಗೆ ಗುರಿ ಮುಟ್ಟಿದ್ದಕ್ಕೆ ಬೇರೆ ದುಡ್ಡು. ಒಂದು ತಿಮಿಂಗಿಲ ತಪ್ಪಿತು ಅಂದರೆ ಕ್ಯಾಪ್ಟನ್‌ನಿಂದ ಹಿಡಿದು ಅಡುಗೆಯವನವರೆಗೆ ಎಲ್ಲರ ಜೇಬಿಗೂ ಕತ್ತರಿ. ಆ ಸಾಲು ಕ್ಯಾಪ್ಟನ್‌ನ ಬಾಯಲ್ಲಿ ಇದ್ದರೂ, ಹಿಂದೆ ನಿಂತು ಕೇಳುತ್ತಿದ್ದ ಆಳುಗಳ ಮನಸ್ಸಿನಲ್ಲೂ ಆ ಲೆಕ್ಕ ಓಡುತ್ತಲೇ ಇತ್ತು.

ಆದರೂ ನನಗೆ ಇಷ್ಟವಾಗುವುದು ಮೀನಿಗೆ ಅಳುವ ಕ್ಯಾಪ್ಟನ್ನೇ. ಅದರಲ್ಲಿ ನಾವಿಕರ ಗೊಣಗಾಟ ಇದೆ. ದಣಿಯ ಬಗ್ಗೆ ಎದುರಿಗೆ ಆಡಲಾಗದ ಮಾತನ್ನು ಹಾಡಿನಲ್ಲಿ ಸಿಕ್ಕಿಸುವುದು ನಮ್ಮ ಗದ್ದೆ ನಾಟಿಯ ಹೆಂಗಸರಿಗೂ ಗೊತ್ತಿರುವ ಜಾಣತನ. ಐರಿಷ್ ಹಾಡುಗಳನ್ನು ಪಂಕ್ ಧಾಟಿಗೆ ತಂದ ಪೋಗ್ಸ್ ತಂಡ 1984ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಈ ಬಗೆಯನ್ನೇ ಆರಿಸಿಕೊಂಡಿತು. ಅವರ ಹಾಡಿಕೆಯಲ್ಲಿ ಸಿಟ್ಟು ಎದ್ದು ಕೇಳುತ್ತದೆ.

ಇನ್ನೊಂದು ಮಾತು. 20ನೇ ಶತಮಾನದಲ್ಲಿ ಇಂಥ ಹಾಡುಗಳಿಗೆ ಮತ್ತೆ ಜೀವ ಕೊಟ್ಟವರಲ್ಲಿ ಎ. ಎಲ್. ಲಾಯ್ಡ್ ದೊಡ್ಡ ಹೆಸರು. ಅವರು 1937-38ರಲ್ಲಿ ಅಂಟಾರ್ಕ್ಟಿಕಾ ಕಡೆ ಹೋದ ಬೇಟೆ ಹಡಗಿನಲ್ಲಿ ಸ್ವತಃ ಕೆಲಸ ಮಾಡಿದವರು. 1967ರಲ್ಲಿ ತಿಮಿಂಗಿಲ ಬೇಟೆಯ ಹಾಡುಗಳದ್ದೇ ಒಂದು ಆಲ್ಬಮ್ ತಂದರು. ಆದರೆ ಹಾಡಿನ ಸಾಲುಗಳನ್ನು ತಮಗೆ ಬೇಕಾದ ಹಾಗೆ ತಿದ್ದುತ್ತಿದ್ದರು ಅನ್ನುವ ದೂರೂ ಅವರ ಮೇಲಿದೆ. ಅದು ಸುಳ್ಳು ದೂರಲ್ಲ. ಹಾಗಾಗಿ ರೆಕಾರ್ಡಿಂಗ್‌ನಲ್ಲಿ ಕೇಳಿದ್ದನ್ನೆಲ್ಲ ‘ಇದೇ ಹಳೇದು’ ಅಂತ ನಂಬಬೇಡಿ. ಅದು ಆ ಹಾಡುಗಾರನ ಆಯ್ಕೆಯೂ ಆಗಿರಬಹುದು. ನಿಮ್ಮ ಗೆಳೆಯರಲ್ಲಿ ಯಾರು ಯಾವ ಪಾಠ ಹಿಡಿದಿದ್ದಾರೆ ಅಂತ ತಿಳಿಸಿ. ಸುಮ್ನೆ ಕುತೂಹಲ.

ಪ್ರಶ್ನೆ: ಹಾಡು ಶುರುವಾಗುವುದೇ ಒಂದು ಇಸವಿಯಿಂದ. ನಾನು 1853 ಅಂತಲೂ ಕೇಳಿದ್ದೇನೆ, 1823 ಅಂತಲೂ ಕೇಳಿದ್ದೇನೆ. ನಿಜವಾಗಿ ಈ ದುರಂತ ಯಾವ ವರ್ಷ ನಡೆಯಿತು?
— ಓದುಗರು, ದಾವಣಗೆರೆ

ಉತ್ತರ: ಎರಡೂ ಅಲ್ಲ. ಇದರ ಒಂದು ರೂಪ 1725ಕ್ಕಿಂತ ಮೊದಲೇ ಅಚ್ಚಾಗಿದೆ. ಆಗೆಲ್ಲ ಲಾವಣಿಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಬೀದಿಯಲ್ಲಿ ಕೂಗಿ ಮಾರುತ್ತಿದ್ದರು. ನಮ್ಮ ಜಾತ್ರೆಗಳಲ್ಲಿ ಮಾರುವ ಹಾಡಿನ ಪುಸ್ತಕದ ತರಹ. ಹಳೇ ಸರಕು ಯಾರಿಗೆ ಬೇಕು? ಇಸವಿ ಬದಲಿಸಿದರೆ ಬಿಸಿ ಸುದ್ದಿ. ಬಾಯಿಂದ ಬಾಯಿಗೆ ಹೋಗುವಾಗಲೂ ಹಾಗೇ. ಹಾಡುವವನು ತನ್ನ ಕಾಲದ್ದೋ ತನ್ನ ಅಪ್ಪನ ಕಾಲದ್ದೋ ಒಂದು ಇಸವಿ ಸೇರಿಸಿದರೆ, ಕಣ್ಣಾರೆ ಕಂಡ ಕತೆಯಾಗುತ್ತದೆ.

ತಿಂಗಳೂ ಹೀಗೇ ತೇಲಾಡುತ್ತದೆ. ಕೆಲವು ಪಾಠಗಳಲ್ಲಿ ಹಡಗು ಹೊರಡುವುದು ಜೂನ್ 13ಕ್ಕೆ. ಇಂಗ್ಲೆಂಡಿನ ಹಲ್, ವಿಟ್ಬಿ ಬಂದರುಗಳ ನಿಜವಾದ ಬೇಟೆಗಾರರು ಇದನ್ನು ಕೇಳಿ ನಕ್ಕಿರಬೇಕು. ಅವರು ಮಾರ್ಚ್, ಏಪ್ರಿಲ್ ಹೊತ್ತಿಗೇ ಹೊರಟು ಆಗಸ್ಟ್, ಸೆಪ್ಟೆಂಬರ್‌ಗೆ ವಾಪಸ್ ಬರುತ್ತಿದ್ದರು. ಜೂನ್‌ನಲ್ಲಿ ಲಂಗರು ಎತ್ತಿದರೆ ಅರ್ಧ ಸೀಸನ್ನೇ ಮುಗಿದಿರುತ್ತಿತ್ತು.

ಪ್ರಶ್ನೆ: ಕ್ಯಾಪ್ಟನ್ ‘ಓವರ್‌ಹಾಲ್, ಓವರ್‌ಹಾಲ್’ ಅಂತ ಕೂಗುತ್ತಾನೆ. ಎದುರಿಗೆ ತಿಮಿಂಗಿಲ ಇರುವಾಗ ರಿಪೇರಿ ಯಾಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಗ್ಯಾರೇಜಿನ ಓವರ್‌ಹಾಲ್ ಅಲ್ಲ ಇದು. ಹಡಗಿನ ಪಕ್ಕದಲ್ಲಿ ದೋಣಿಗಳನ್ನು ನೇತು ಹಾಕಲು ಡೇವಿಟ್ ಅನ್ನೋ ತೋಳುಗಳಿರುತ್ತವೆ. ಆ ತೋಳಿನಿಂದ ರಾಟೆ, ಹಗ್ಗ ಇಳಿಬಿದ್ದಿರುತ್ತವೆ. ಎರಡು ರಾಟೆಗಳ ನಡುವಿನ ಹಗ್ಗವನ್ನು ಎಳೆದು ಸಡಿಲ ಮಾಡಿ, ರಾಟೆಗಳು ದೂರ ಸರಿಯುವ ಹಾಗೆ ಮಾಡುವುದಕ್ಕೆ ನಾವಿಕರು ಹೇಳುತ್ತಿದ್ದ ಮಾತು ಓವರ್‌ಹಾಲ್. ಅಂದರೆ ಕ್ಯಾಪ್ಟನ್ ಕೂಗಿದ್ದು ‘ಹಗ್ಗ ಬಿಡಿ, ದೋಣಿ ನೀರಿಗಿಳಿಸಿ’ ಅಂತ. ಮುಂದಿನ ಮಾತೂ ಅದೇ: ಡೇವಿಟ್‌ನ ಹಗ್ಗ ಬೀಳಲಿ.

ಈ ಪದ ನಮ್ಮೂರ ಸೈಕಲ್ ಶಾಪಿಗೆ ಬಂದಾಗ ಏನಾಯಿತು ಅಂತ ಗೊತ್ತಲ್ಲ. ‘ಓವರ್ ಆಯಿಲಿಂಗ್’ ಆಯಿತು. ಬೋರ್ಡಿನ ಮೇಲೇ ಹಾಗೆ ಬರೆಸಿರುತ್ತಾರೆ. ಬಿಚ್ಚಿ ತೊಳೆದು ಎಣ್ಣೆ ಹಾಕುತ್ತಾರಲ್ಲ, ಅರ್ಥವೂ ಹೊಂದಿತು. ಜನಪದ ಹಾಡಿನಲ್ಲಿ ಸಾಲುಗಳು ಬದಲಾಗುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದೇ. ಗೊತ್ತಿಲ್ಲದ ಪದ ಕಿವಿಗೆ ಬಿದ್ದಾಗ ನಾಲಿಗೆ ಗೊತ್ತಿರುವ ಪದವನ್ನು ಹುಡುಕಿಕೊಳ್ಳುತ್ತದೆ. ಹಡಗನ್ನೇ ನೋಡದ ಊರಿನಲ್ಲಿ ಈ ಹಾಡು ಹಾಡಿದವರು ಡೇವಿಟ್ ಅನ್ನೋ ಪದಕ್ಕೆ ಏನೇನು ಪಾಡು ಪಟ್ಟಿರಬೇಕು!

ಪ್ರಶ್ನೆ: ತಿಮಿಂಗಿಲ ಸಸ್ತನಿ ಅಂತ ನಮ್ಮ ಮಕ್ಕಳಿಗೂ ಗೊತ್ತು. ಸಮುದ್ರದಲ್ಲೇ ಬಾಳಿದವರು ಅದನ್ನು ‘ವೇಲ್ ಫಿಶ್’ ಅಂತ ಮೀನು ಮಾಡಿದ್ದು ಯಾಕೆ?
— ಓದುಗರು, ಉಡುಪಿ

ಉತ್ತರ: ನಾವೂ ‘ತಿಮಿಂಗಿಲ ಮೀನು’ ಅನ್ನುವುದಿಲ್ಲವೇ? ತಿಮಿ ಅಂದರೆ ದೊಡ್ಡ ಮೀನು, ಅದನ್ನೂ ನುಂಗುವುದು ತಿಮಿಂಗಿಲ. ಪದದ ಹೊಟ್ಟೆಯಲ್ಲೇ ಮೀನಿದೆ. ಡಚ್ಚರ ‘ವಾಲ್ವಿಸ್’, ಜರ್ಮನ್ನರ ‘ವಾಲ್‌ಫಿಶ್’ ಕೂಡ ತಿಮಿಂಗಿಲ ಮೀನೇ.

ಜೀವಿಗಳನ್ನು ಗುಂಪು ಗುಂಪಾಗಿ ವಿಂಗಡಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇದನ್ನು ಸಸ್ತನಿಗಳ ಗುಂಪಿಗೆ ಸೇರಿಸಿದ್ದು 1758ರಲ್ಲಿ. ಅದಾಗಿ 60 ವರ್ಷದ ಮೇಲೆ, 1818ರಲ್ಲಿ, ನ್ಯೂಯಾರ್ಕ್‌ನಲ್ಲಿ ಒಂದು ಕೇಸು ನಡೆಯಿತು. ಮೀನೆಣ್ಣೆಯನ್ನು ಸರ್ಕಾರಿ ತಪಾಸಣೆ ಮಾಡಿಸಬೇಕು ಅಂತ ಕಾನೂನಿತ್ತು. ಎಣ್ಣೆ ವ್ಯಾಪಾರಿಯೊಬ್ಬ ‘ನನ್ನದು ತಿಮಿಂಗಿಲದ ಎಣ್ಣೆ, ಅದು ಮೀನೇ ಅಲ್ಲ, ಫೀಸು ಕಟ್ಟಲ್ಲ’ ಅಂದ. ತಿಮಿಂಗಿಲ ಮೀನೋ ಅಲ್ಲವೋ ಅಂತ ಪಂಡಿತರು ಸಾಕ್ಷಿ ಹೇಳಿದರು, ನಾವಿಕರೂ ಸಾಕ್ಷಿ ಹೇಳಿದರು. ಜ್ಯೂರಿಯವರು ಎಲ್ಲ ಕೇಳಿ ಮೀನು ಅಂತಲೇ ತೀರ್ಮಾನ ಕೊಟ್ಟರು! ವಿಟ್ಬಿಯ ವಿಲಿಯಂ ಸ್ಕೋರ್ಸ್‌ಬಿ ಬೇಟೆ ಹಡಗಿನ ಕ್ಯಾಪ್ಟನ್ನೂ ಹೌದು, ವಿಜ್ಞಾನಿಯೂ ಹೌದು. ಉತ್ತರ ಧ್ರುವದ ಕಡಲಿನ ಬಗ್ಗೆ 1820ರಲ್ಲಿ ದೊಡ್ಡ ಗ್ರಂಥ ಬರೆದರು. ಬೇಟೆಯ ವಿಷಯ ಬಂದಾಗ ಅವರ ಪೆನ್ನಿನಲ್ಲೂ ‘ಫಿಶ್’ ಅಂತಲೇ ಬರುತ್ತದೆ. ಅದು ಕಸುಬಿನ ಮಾತು.

ಪ್ರಶ್ನೆ: ಕೊನೆಯ ಪದ್ಯದಲ್ಲಿ ಗ್ರೀನ್‌ಲ್ಯಾಂಡ್ ‘ಎಂದೂ ಹಸಿರಾಗದ, ಹಗಲೇ ಕಾಣದ’ ಭಯಂಕರ ಜಾಗ ಅಂತ ಬರುತ್ತದೆ. ಆದರೆ ಬೇಸಿಗೆಯಲ್ಲಿ ಅಲ್ಲಿ ರಾತ್ರಿಯೇ ಆಗುವುದಿಲ್ಲ ಅಲ್ಲವೇ? ಬೇಟೆ ನಡೆಯುತ್ತಿದ್ದದ್ದೂ ಬೇಸಿಗೆಯಲ್ಲೇ. ಹಾಡು ತಪ್ಪಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ಸರಿಯಾಗಿ ಹಿಡಿದಿದ್ದೀರಿ. ಹಾಡು ತಪ್ಪೇ.

ಮೊದಲು ಗ್ರೀನ್‌ಲ್ಯಾಂಡ್ ಅಂದರೆ ಎಲ್ಲಿ ಅನ್ನುವುದು ಗೊತ್ತಿರಲಿ. ನೀವು ನಕಾಶೆಯಲ್ಲಿ ನೋಡುವ ದೊಡ್ಡ ದ್ವೀಪ ಒಂದೇ ಅಲ್ಲ. 1596ರಲ್ಲಿ ಬಾರೆಂಟ್ಸ್ ಅನ್ನೋ ಡಚ್ ನಾವಿಕ ನಾರ್ವೆಗೂ ಉತ್ತರಕ್ಕಿರುವ ಸ್ಪಿಟ್ಸ್‌ಬರ್ಗೆನ್ ದ್ವೀಪ ಕಂಡಾಗ ಅದನ್ನು ಗ್ರೀನ್‌ಲ್ಯಾಂಡಿನದೇ ಭಾಗ ಅಂದುಕೊಂಡ. 1611ರಿಂದ ಅಲ್ಲಿ ಬೇಟೆಗೆ ಹೋದ ಇಂಗ್ಲಿಷರೂ ಅದನ್ನು ಗ್ರೀನ್‌ಲ್ಯಾಂಡ್ ಅಂತಲೇ ಕರೆದರು. ಬೇಟೆಗಾರರ ಬಾಯಲ್ಲಿ ‘ಗ್ರೀನ್‌ಲ್ಯಾಂಡ್ ಫಿಶರಿ’ ಅಂದರೆ ಈ ಎರಡರ ನಡುವಿನ ಹಿಮಗಡಲು. ದ್ವೀಪದ ಪಶ್ಚಿಮಕ್ಕೆ ಹೋದರೆ ಅದಕ್ಕೆ ಬೇರೆ ಹೆಸರು, ಡೇವಿಸ್ ಸ್ಟ್ರೇಟ್.

ಸ್ಪಿಟ್ಸ್‌ಬರ್ಗೆನ್‌ನಲ್ಲಿ ಹೆಚ್ಚುಕಮ್ಮಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯ ಹತ್ತಿರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ನಡುರಾತ್ರಿಯಲ್ಲೂ ತಿಮಿಂಗಿಲದ ಹಿಂದೆ ದೋಣಿ ಓಡಿಸಬಹುದು, ಓಡಿಸುತ್ತಿದ್ದರು ಕೂಡ. ಕತ್ತಲಿಗಿಂತ ಅವರಿಗೆ ಕಾಟ ಕೊಟ್ಟದ್ದು ಬೇಸಿಗೆಯ ಮಂಜು. ಮತ್ತೆ ‘ಹಗಲೇ ಕಾಣದ’ ಅನ್ನೋ ಮಾತು ಎಲ್ಲಿಂದ ಬಂತು? ನನ್ನ ಊಹೆ ಸರಳ. ಮೊದಲ ಸಾಲು ‘ಗ್ರೀನ್’ ಅಂತ ಮುಗಿಯುತ್ತದೆ. ಅದಕ್ಕೆ ಪ್ರಾಸ ‘ಸೀನ್’. ಕಾಣದ ಏನೋ ಒಂದು ಬೇಕಿತ್ತು, ಹಗಲು ಸಿಕ್ಕಿತು. ದಂಡೆಯಲ್ಲಿ ಕೂತು ಬರೆದ ಯಾರೋ ಲಾವಣಿಕಾರನ ಕೈವಾಡ ಇದ್ದರೂ ಇರಬಹುದು. ವಿಚಿತ್ರ ಅಂದರೆ ನಿಜ ಗೊತ್ತಿದ್ದ ನಾವಿಕರೂ ಅದನ್ನು ತಿದ್ದಲಿಲ್ಲ. ಇಸವಿ ತಿದ್ದಿದರು, ಸತ್ತವರ ಲೆಕ್ಕ ನಾಲ್ಕಿದ್ದದ್ದನ್ನು ಐದು ಮಾಡಿದರು, ಕ್ಯಾಪ್ಟನ್‌ನ ಮನಸ್ಸನ್ನೇ ತಿರುಗಿಸಿದರು, ಈ ಸಾಲನ್ನು ಮಾತ್ರ ಹಾಗೇ ಬಿಟ್ಟರು. ಊರಲ್ಲಿ ಕೂತು ಕೇಳುವವರಿಗೆ ಆ ಜಾಗ ಭಯಂಕರವಾಗಿಯೇ ಇರಲಿ ಅಂತಲೋ ಏನೋ.

ಪ್ರಶ್ನೆ: ‘ವೆಲ್ಲರ್‌ಮನ್’ ಕೂಡ ಇದೇ ಜಾತಿಯ ಹಾಡೇ? ಸಕ್ಕರೆ, ಚಹಾ, ರಮ್ ತರುತ್ತಾನೆ ಅಂತ ಕಾಯುತ್ತಾರಲ್ಲ, ಯಾರವನು?
— ಓದುಗರು, ಶಿವಮೊಗ್ಗ

ಉತ್ತರ: ಅದು ನ್ಯೂಜಿಲೆಂಡಿನದು. ಇಂಗ್ಲೆಂಡಿನ ವೆಲ್ಲರ್ ಅನ್ನೋ ಮೂವರು ಅಣ್ಣತಮ್ಮಂದಿರು 1831ರಲ್ಲಿ ಒಟಾಗೋ ಬಂದರಿನ ಬಾಯಿಯ ಹತ್ತಿರ, ಒಟಾಕೌ ಅನ್ನೋ ಕಡೆ, ಬೇಟೆಯ ಠಾಣೆ ಹಾಕಿದರು. ಅವರ ಕಂಪನಿಯ ಸಾಮಾನು ಹಡಗಿನವನೇ ವೆಲ್ಲರ್‌ಮನ್. ಅಂಥ ಕರಾವಳಿ ಠಾಣೆಗಳಲ್ಲಿ ಕೂಲಿಯನ್ನು ಕಾಸಿಗಿಂತ ಜಾಸ್ತಿ ಬಟ್ಟೆ, ಹೆಂಡ, ಹೊಗೆಸೊಪ್ಪಿನ ರೂಪದಲ್ಲಿ ತೀರಿಸುತ್ತಿದ್ದರು. ಆದ್ದರಿಂದ ಆ ಪಲ್ಲವಿ ಬರೀ ಬಾಯಿಚಪಲದ್ದಲ್ಲ. ಸಂಬಳಕ್ಕೆ ಕಾಯುವವರ ಹಾಡು ಅದು.

2020ರ ಕೊನೆಗೆ ಸ್ಕಾಟ್ಲೆಂಡಿನ ಪೋಸ್ಟ್‌ಮ್ಯಾನ್ ನೇಥನ್ ಎವನ್ಸ್ ಇದನ್ನು ಟಿಕ್‌ಟಾಕ್‌ನಲ್ಲಿ ಹಾಡಿ ಜಗತ್ತಿಗೆಲ್ಲ ಹಬ್ಬಿಸಿದರು. ಅಷ್ಟರಲ್ಲಿ ನಮ್ಮಲ್ಲಿ ಟಿಕ್‌ಟಾಕ್ ಬ್ಯಾನ್ ಆಗಿತ್ತು, ನಮಗೆ ಯೂಟ್ಯೂಬ್ ದಾರಿಯಲ್ಲಿ ಬಂತು. ಆಗ ಎಲ್ಲರೂ ಇದನ್ನು ‘ಶಾಂಟಿ’ ಅಂದರು. ಅಲ್ಲ. ಶಾಂಟಿ ಅಂದರೆ ಹಗ್ಗ ಎಳೆಯುವಾಗ, ಲಂಗರು ಎತ್ತುವಾಗ ದಮ್ಮು ಕೂಡಿಸಲು ಹಾಡುವ ಹಾಡು. ನಮ್ಮ ಬೀಸುವ ಪದ, ಕುಟ್ಟುವ ಪದದ ತರಹ. ವೆಲ್ಲರ್‌ಮನ್ನೂ ಗ್ರೀನ್‌ಲ್ಯಾಂಡ್ ಹಾಡೂ ಕತೆ ಹೇಳುವ ಹಾಡುಗಳು, ಕೆಲಸ ಮುಗಿಸಿ ಕೂತಾಗ ಹಾಡುವಂಥವು.

ಪ್ರಶ್ನೆ: ಇದು ನನ್ನ ಎಂಟು ವರ್ಷದ ಮಗಳ ಪ್ರಶ್ನೆ. ತಪ್ಪಿಸಿಕೊಂಡ ತಿಮಿಂಗಿಲ ಆಮೇಲೆ ಏನಾಯಿತು?
— ಓದುಗರು, ಸಿಂಗಪುರ

ಉತ್ತರ: ಇಷ್ಟು ವರ್ಷ ಈ ಹಾಡು ಕೇಳಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಆ ಕಡಲಿನಲ್ಲಿ ಬೇಟೆಗಾರರು ಹುಡುಕುತ್ತಿದ್ದದ್ದು ಬೋಹೆಡ್ ತಿಮಿಂಗಿಲವನ್ನು. ಮೈತುಂಬ ದಪ್ಪ ಕೊಬ್ಬು, ನಿಧಾನದ ಈಜು, ಸತ್ತ ಮೇಲೆ ಮುಳುಗದೆ ತೇಲುವ ಮೈ. ಬೇಟೆಗಾರರಿಗೆ ಇದಕ್ಕಿಂತ ಅನುಕೂಲದ ಪ್ರಾಣಿ ಇನ್ನೊಂದಿಲ್ಲ. ಸ್ಪಿಟ್ಸ್‌ಬರ್ಗೆನ್ ಸುತ್ತ ಅದು ಹೆಚ್ಚುಕಮ್ಮಿ ಖಾಲಿಯಾಗುವವರೆಗೆ ಹೊಡೆದರು. ಆದರೆ ಬದುಕಲು ಬಿಟ್ಟರೆ ಅದರ ಆಯಸ್ಸು 200 ವರ್ಷ ದಾಟುತ್ತದೆ. 2007ರಲ್ಲಿ ಅಲಾಸ್ಕಾದ ಮೂಲನಿವಾಸಿಗಳು ಹಿಡಿದ ಒಂದು ಬೋಹೆಡ್‌ನ ಮೈಯೊಳಗೆ ಹಳೇ ಆಯುಧದ ಮೊನೆ ಸಿಕ್ಕಿತು. ಅದು 19ನೇ ಶತಮಾನದ ಕೊನೆಗೆ ಅಮೆರಿಕದ ನ್ಯೂ ಬೆಡ್‌ಫರ್ಡ್‌ನಲ್ಲಿ ತಯಾರಾದದ್ದು. ಆ ಏಟು ತಿಂದು, ತಪ್ಪಿಸಿಕೊಂಡು, ಮತ್ತೆ ನೂರು ವರ್ಷಕ್ಕಿಂತ ಜಾಸ್ತಿ ಈಜಿಕೊಂಡಿತ್ತು.

ಮಗಳಿಗೆ ಹೇಳಿ: 1853 ಅಂತ ಹಾಡುವವರ ಲೆಕ್ಕದಲ್ಲಾದರೆ, ಮರಿಯಾಗಿದ್ದಾಗ ತಪ್ಪಿಸಿಕೊಂಡಿದ್ದರೆ, ಅದು ಇನ್ನೂ ಎಲ್ಲೋ ಈಜುತ್ತಿರಲೂಬಹುದು. 1725ರ ಲೆಕ್ಕದಲ್ಲಾದರೆ ಕಷ್ಟ ಪುಟ್ಟಿ.