ಐಸ್‌ಲ್ಯಾಂಡಿನಲ್ಲಿ ಈಗಲೂ ಥಾರ್, ಓಡಿನ್ ದೇವರನ್ನು ಪೂಜಿಸೋರು ಇದ್ದಾರಾ? ಮನೆಮಂದಿಯ ಬದುಕಿನಲ್ಲಿ ಅದು ಹೇಗಿರುತ್ತೆ?

ಇದ್ದಾರೆ. ರೈತ-ಕವಿ ಸ್ವೇನ್‌ಬ್ಯೋರ್ನ್ ಬೈನ್‌ಟೈನ್ಸನ್ ಮತ್ತು ಗೆಳೆಯರು 1972ರಲ್ಲಿ, ಕ್ರೈಸ್ತ ಧರ್ಮ ಬರೋಕೆ ಮುಂಚಿನ ಈ ದೇವರುಗಳನ್ನು ಪೂಜಿಸೋರ 'ಆಸಾತ್ರು' ಸಂಘ ಕಟ್ಟಿದರು. ಮರುವರ್ಷವೇ ಸರ್ಕಾರದ ಮಾನ್ಯತೆ ಸಿಕ್ಕಿತು. ಹಾಗಾಗಿ ಅವರ ಪುರೋಹಿತರು ಮಾಡಿಸಿದ ಮದುವೆಗೆ ಕಾನೂನಿನ ಬೆಲೆಯಿದೆ. ನಾಮಕರಣ, ಅಂತ್ಯಕ್ರಿಯೆಯೂ ಉಂಟು.

ಮುಖ್ಯ ಆಚರಣೆ 'ಬ್ಲೋತ್'. ಪದದ ಅರ್ಥ ಬಲಿ ಅಂತಲೇ, ಆದರೆ ಈ ಸಂಘದವರು ಪ್ರಾಣಿ ಕಡಿಯೋದಿಲ್ಲ. ಪಾನೀಯ ತುಂಬಿದ ಕೊಂಬು ಕೈಯಿಂದ ಕೈಗೆ ದಾಟುತ್ತೆ. ದೇವರಿಗೋ ತೀರಿಕೊಂಡ ಹಿರಿಯರಿಗೋ ಎರಡು ಮಾತು ಹೇಳಿ ಒಂದು ಗುಟುಕು ಕುಡಿಯೋದು. ಆಮೇಲೆ ಎಲ್ಲರೂ ಕೂತು ಊಟ. (ನನಗಂತೂ ನಮ್ಮ ಕಡೆ ಹಿರಿಯರಿಗೆ ಎಡೆ ಇಡೋದೇ ನೆನಪಾಯ್ತು.)

ಒಂಟಿಗಣ್ಣಿನ ಓಡಿನ್ ಎಂಟು ಕಾಲಿನ ಕುದುರೆ ಏರಿ ಬರ್ತಾನೆ ಅಂತ ನಂಬ್ತಾರಾ? ಸಂಗೀತಗಾರರೂ ಆಗಿರುವ ಸಂಘದ ಮುಖ್ಯಸ್ಥ ಹಿಲ್ಮಾರ್ ಓರ್ನ್ ಹಿಲ್ಮಾರ್ಸನ್ ಪ್ರಕಾರ ಯಾರೂ ನಂಬಲ್ಲ. ಆ ಕಥೆಗಳು ಪ್ರಕೃತಿ, ಮನಸ್ಸುಗಳ ರೂಪಕ.