ಡೀಮನ್ ಕಾರಿನ 9.65 ಸೆಕೆಂಡ್ ನಿಜಾನಾ?

ಪ್ರಶ್ನೆ: ಸಾರ್, 2018ರ ಡಾಡ್ಜ್ ಚಾಲೆಂಜರ್ ಡೀಮನ್ ಕಂಪನಿಯಿಂದ ಬಂದ ಹಾಗೇ ಕಾಲು ಮೈಲಿನ 9.65 ಸೆಕೆಂಡಲ್ಲಿ ಓಡುತ್ತಂತೆ, ನಂಬಬಹುದಾ?

ಉತ್ತರ: ನಂಬಿ, ಆದ್ರೆ ಒಂದು ಮಾತಿದೆ. ಆ ಟೈಮ್ ಬಂದಿದ್ದು 100 ಆಕ್ಟೇನ್ ಅನ್ನೋ ರೇಸಿಂಗ್ ಪೆಟ್ರೋಲ್ ಹಾಕಿ, ಒಳ್ಳೆ ಡ್ರ್ಯಾಗ್ ಸ್ಟ್ರಿಪ್ (ನೇರ ರೇಸ್ ಟ್ರ್ಯಾಕ್) ಮೇಲೆ, ಆಗ 6.2 ಲೀಟರ್ ವಿ8 ಎಂಜಿನ್ 840 ಹಾರ್ಸ್‌ಪವರ್ ಕೊಡುತ್ತೆ, ಮಾಮೂಲಿ ಪಂಪ್ ಪೆಟ್ರೋಲಿಗೆ 808 ಅಷ್ಟೇ. ನಂಗೆ ತುಂಬಾ ಇಷ್ಟ ಆಗೋದು ಪವರ್ ಅಲ್ಲ, ಅದನ್ನ ರಸ್ತೆಗೆ ಇಳಿಸೋ ರೀತಿ. ಟ್ರಾನ್ಸ್‌ಬ್ರೇಕ್ ಹಾಕಿದ್ರೆ ಗೇರ್‌ಬಾಕ್ಸೇ ಕಾರನ್ನ ಹಿಡ್ಕೊಂಡಿರುತ್ತೆ, ಬಿಟ್ಟ ತಕ್ಷಣ ಮೂತಿ ಮೇಲೆದ್ದು ಭಾರವೆಲ್ಲ ಹಿಂದಿನ 315 ಮಿ.ಮೀ. ಅಗಲದ ಟೈರ್ ಮೇಲೆ ಕೂರುತ್ತೆ, ಮುಂದಿನ ಚಕ್ರ ನೆಲ ಬಿಟ್ಟು ಮೇಲೆ ಹೋಗುತ್ತೆ, ಫ್ಯಾಕ್ಟರಿ ಕಾರಲ್ಲಿ ಇದು ಸಣ್ಣ ವಿಷಯ ಅಲ್ಲ! ಇನ್ನೊಂದು, ಎ.ಸಿ.ಯ ತಂಪನ್ನೇ ತಿರುಗಿಸಿ ಸೂಪರ್‌ಚಾರ್ಜರ್‌ (ಗಾಳಿನ ಒತ್ತಿ ತುಂಬೋ ಪಂಪ್) ನಿಂದ ಎಂಜಿನ್‌ಗೆ ಹೋಗೋ ಬಿಸಿ ಗಾಳಿನ ತಣಿಸ್ತಾರೆ, ತಣ್ಣಗಿನ ಗಾಳಿಲಿ ಆಕ್ಸಿಜನ್ ಜಾಸ್ತಿ ಇರುತ್ತಲ್ಲ, ಅದಕ್ಕೆ.

ಆದ್ರೆ ರೋಲ್ ಕೇಜ್ (ಪಲ್ಟಿ ಆದ್ರೆ ಒಳಗಿರೋರನ್ನ ಕಾಪಾಡೋ ಉಕ್ಕಿನ ಚೌಕಟ್ಟು) ಇಲ್ಲ ಅಂತ ಡ್ರ್ಯಾಗ್ ರೇಸ್ ನಡೆಸೋ ಅಮೆರಿಕದ ಸಂಸ್ಥೆ ಎನ್‌ಎಚ್‌ಆರ್‌ಎ ಇದನ್ನ ರೇಸಿಗೆ ಬಿಡಲ್ಲ ಅಂದಿತ್ತು, ಅದು ಸರಿನೇ ಅನ್ನಿಸುತ್ತೆ ನಂಗೆ, ಗಂಟೆಗೆ 140 ಮೈಲಿ ವೇಗದಲ್ಲಿ ಪಲ್ಟಿ ಆದ್ರೆ ಒಳಗಿರೋರಿಗೆ ಬೇರೆ ಆಸರೆ ಏನಿದೆ?