ಎಐ ರಿಪೋರ್ಟ್ ‘ನಾಲ್ಕು ಹಲ್ಲು ಕೀಳಿಸಿ ಕ್ಲಿಪ್ ಹಾಕಿ’ ಎಂದರೆ ನಂಬಬಹುದೇ?

ಅದೊಂದನ್ನೇ ನೆಚ್ಚಿ ಕೀಳಿಸಬೇಡಿ. ಎಐ ಎಡವುವುದು ಎಕ್ಸ್-ರೇ ಓದುವಾಗ ಮಾತ್ರವಲ್ಲ. ಓದಿದ್ದನ್ನು ಯಾರ ಮುಖಕ್ಕೆ ಹೋಲಿಸುತ್ತದೆ ಎಂಬಲ್ಲೂ ಎಡವುತ್ತದೆ.

ತಲೆಯ ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಸಾಫ್ಟ್‌ವೇರ್ ಬಿಂದುಗಳನ್ನು ಗುರುತಿಸಿ, ಕೋನ ಅಳೆದು, ‘ಸಾಮಾನ್ಯ’ ಅಂಕಿಗೆ ತಾಳೆ ನೋಡುತ್ತದೆ. ಇವತ್ತಿಗೂ ಬಳಕೆಯಲ್ಲಿರುವ ಅಂಥ ಒಂದು ಪಟ್ಟಿ ಅಮೆರಿಕದ ದಂತವೈದ್ಯ ಸ್ಟೈನರ್ 1953ರಲ್ಲಿ ಕೊಟ್ಟದ್ದು, ಬಿಳಿಯರ ಮುಖಗಳಿಗೆ ಹೊಂದುವಂಥದ್ದು: ಮೇಲಿನ ಬಾಚಿಹಲ್ಲಿನ ವಾಲು 22 ಡಿಗ್ರಿ, ಕೆಳಗಿನದು 25, ಇವೆರಡರ ನಡುವಿನ ಕೋನ ಸುಮಾರು 131. ದಕ್ಷಿಣ ಭಾರತದ ಅನೇಕರ ಬಾಚಿಹಲ್ಲು ಸಹಜವಾಗಿಯೇ ಇನ್ನಷ್ಟು ಮುಂದಕ್ಕೆ ವಾಲಿರುತ್ತದೆ, ತುಟಿಯೂ ತುಂಬಿರುತ್ತದೆ. ಆಗ ನಡುವಿನ ಕೋನ ಕಿರಿದಾಗುತ್ತದೆ, ಯಂತ್ರ ‘ಉಬ್ಬುಹಲ್ಲು’ ಎನ್ನುತ್ತದೆ. ಹಿಂದಕ್ಕೆಳೆಯಲು ಜಾಗ ಬೇಕಲ್ಲ, ಅದಕ್ಕೇ ಕೋರೆಹಲ್ಲಿನ ಹಿಂದಿನ ನಾಲ್ಕು ಸಣ್ಣ ದವಡೆಹಲ್ಲು ಕೀಳುವ ಸಲಹೆ. ಅಗತ್ಯಕ್ಕಿಂತ ಹೆಚ್ಚು ಎಳೆದರೆ ತುಟಿ ಒಳಸೇರಿ ಬಾಯಿ ಬತ್ತಿದಂತೆ ಕಾಣುತ್ತದೆ.

ಎಐ ತರಬೇತಿಗೆ ಕೊಟ್ಟ ಚಿತ್ರಗಳು ಒಂದೇ ಜನಾಂಗದವಾದರೂ ಇದೇ ಪಾಡು. ಅಲ್ಲಿ ಅಳತೆಗೋಲು ಕಣ್ಣಿಗೇ ಬೀಳದು, ನನಗೆ ಅದೇ ಹೆಚ್ಚು ಅಪಾಯಕಾರಿ ಅನಿಸುತ್ತದೆ.

ಹಾಸನದಲ್ಲೋ ಸಕಲೇಶಪುರದಲ್ಲೋ ಕ್ಲಿಪ್ ಹಾಕಿಸುವ ಮೊದಲು ಡಾಕ್ಟರನ್ನು ಕೇಳಿ: ಯಾವ ಜನರ ಅಂಕಿ ಆಯ್ದಿದ್ದೀರಿ? ಬಿಂದುಗಳನ್ನು ನೀವೇ ನೋಡಿ ತಿದ್ದಿದಿರಾ? ಎಕ್ಸ್-ರೇ ತೆಗೆಯುವಾಗ ತುಟಿ ಸಡಿಲವಾಗಿತ್ತೇ? ಬಿಗಿದು ಮುಚ್ಚಿದ್ದರೆ ತುಟಿಯ ಅಳತೆ ಕೆಡುತ್ತದೆ. ಹಾಗೆಂದು ಸಲಹೆ ಯಾವಾಗಲೂ ತಪ್ಪೆಂದಲ್ಲ. ಹಲ್ಲು ಕೂರಲು ಜಾಗವೇ ಇಲ್ಲದಷ್ಟು ಒತ್ತೊತ್ತಾಗಿದ್ದರೆ, ಒತ್ತಾಯ ಮಾಡದೆ ತುಟಿ ಸೇರದಿದ್ದರೆ, ಕೀಳುವುದೇ ಸರಿಯಿರಬಹುದು.